ಬೇಲಿಯಾಚೆಯ ಸೋಯಾ ಸಾರು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಮಂಡ್ಯದವರು ಸುಮ್ಮನೆ ಬಿಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆ ಹೇಗಿದೆ, ಎಲ್ಲರ ಮನೆಯಲ್ಲೂ ಎರಡೆರಡು ಕಾರಂತೆ ನಿಜವೇ, ಅಲ್ಲಿ ಹಾರನ್ನೇ ಹೊಡೆಯುವುದಿಲ್ಲವಂತೆ ಹೌದೇ ಎಂದು ಕೇಳಿ ಕೇಳಿ ತಲೆ ತಿನ್ನುತ್ತಾರೆ. ನಾನೇನು ಹೇಳಲಿ? ಸೇತುವೆಯನ್ನು ನೋಡಿದ್ದು ಒಂದೇ ಸಲ, ಅದೂ ಮಂಜಿನಲ್ಲಿ ಅರ್ಧ. ಉಳಿದ ದಿನಗಳನ್ನೆಲ್ಲ ನಾನು ಕಳೆದದ್ದು ಎರಡು ಅಡುಗೆಮನೆಗಳ ನಡುವೆ. ಒಂದು ನನ್ನ ತಂಗಿ ವಿಮಲಾಳದು, ಇನ್ನೊಂದು ಅವಳ ಪಕ್ಕದ ಮನೆಯ ಜಪಾನಿ ಮುದುಕಿಯದು.

ವಿಮಲಾ ನನಗಿಂತ ತುಂಬ ಚಿಕ್ಕವಳು. ಅಮ್ಮ ಬೇಗ ಹೋದದ್ದರಿಂದ ಅವಳಿಗೆ ತುತ್ತು ಕಲಸಿ ಉಣ್ಣಿಸಿದವಳು ನಾನೇ. ಓದಿ ಎಂಜಿನಿಯರಾಗಿ, ಮದುವೆಯಾಗಿ, ಗಂಡ ಶ್ರೀಧರನ ಜೊತೆ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿ ಮನೆ ಮಾಡಿದ್ದಳು. ಆ ಚಳಿಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಮೊದಲ ಸುತ್ತಿನ ಔಷಧಿ ಮುಗಿಯುವಷ್ಟರಲ್ಲಿ ಅವಳಿಗೆ ಊಟವೇ ಸೇರದಂತಾಯಿತು. "ಸ್ವಲ್ಪ ವೆಯ್ಟ್ ಗೇನ್ ಆದ್ರೆ ಮಾತ್ರ ನೆಕ್ಸ್ಟ್ ರೌಂಡು ಅಂತಾರೆ ಡಾಕ್ಟ್ರು. ಇಲ್ದಿದ್ರೆ ಬಾಡಿ ತಡ್ಯಲ್ವಂತೆ. ನೀವು ಬನ್ನಿ ಅಕ್ಕ" ಎಂದು ಶ್ರೀಧರ ಫೋನಿನಲ್ಲಿ ಅತ್ತುಬಿಟ್ಟರು. ನಾನು ಹೈಸ್ಕೂಲಿಗೆ ರಜೆ ಬರೆದುಕೊಟ್ಟು ಹೊರಟೆ. ನನ್ನ ಕೈಯಡುಗೆ ಒಳಗೆ ಹೋದರೆ ಅವಳು ಎದ್ದು ಕೂರುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ವಿಮಾನ ನಿಲ್ದಾಣ

ಸಂಕ್ರಾಂತಿಯ ಹೊತ್ತು, ಸೊಗಡಿನ ಅವರೆಕಾಯಿಯ ಕಾಲ. ವಿಮಲಾಳಿಗೆ ಹಿತಕಿದ ಅವರೆಕಾಳಿನ ಸಾರು ಎಂದರೆ ಪ್ರಾಣ. ಹೊರಡುವ ಮುಂಚೆ ಕೂತು ಕಾಳು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಸೀರೆಗಳ ನಡುವೆ ಇಟ್ಟುಕೊಂಡಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಕೈಗವಸು ಹಾಕಿಕೊಂಡ ಅಧಿಕಾರಿಯೊಬ್ಬ ಆ ಗಂಟು ಬಿಚ್ಚಿ, ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದ. ಬೀಜ ತರುವಂತಿಲ್ಲ ಎಂದ. ಬೀಜವಲ್ಲಪ್ಪ, ಊಟ ಎಂದು ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ವಾದಿಸಿದೆ. "ಮೈ ಸಿಸ್ಟರ್ ಈಸ್ ಸಿಕ್" ಎಂದೂ ಹೇಳಿದೆ. ಅವನು ನಿಜವಾಗಿಯೂ ಬೇಜಾರು ಮಾಡಿಕೊಂಡ, "ಐ ಆಮ್ ಸಾರಿ, ಮ್ಯಾಮ್" ಎಂದ, ಆಮೇಲೆ ಕಾಳನ್ನೆಲ್ಲ ಕಸದ ಡಬ್ಬಕ್ಕೆ ಸುರಿದ. ನಮ್ಮ ಕಡೆಯವನಾಗಿದ್ದರೆ ನನ್ನ ಮೇಲೆ ರೇಗುತ್ತಿದ್ದ, ಆದರೆ ಕಾಳು ಬಿಡುತ್ತಿದ್ದ.

ಕಾರಿನಲ್ಲಿ ಕೂತ ಮೇಲೂ ನನಗೆ ಆ ಕಾಳಿನದೇ ಸಂಕಟ. ಫ್ರೀವೇ ಉದ್ದಕ್ಕೂ ಡಾಟ್ ಕಾಮ್ ಎಂದು ಕೊನೆಯಾಗುವ ಹೆಸರುಗಳ ದೊಡ್ಡ ದೊಡ್ಡ ಬೋರ್ಡುಗಳು. ಅದರಲ್ಲೊಂದು ನಾಯಿಗಳ ಊಟವನ್ನು ಮನೆ ಬಾಗಿಲಿಗೇ ತಂದುಕೊಡುವ ಕಂಪನಿಯದು ಎಂದು ಶ್ರೀಧರ ಹೇಳಿದರು. "ಎಲ್ರೂ ದುಡ್ಡು ಸುರೀತಿದಾರೆ ಅಕ್ಕ ಇದ್ರಲ್ಲಿ" ಎಂದರು. ನನಗೆ ನಗು ಬರಲಿಲ್ಲ.

ಕ್ಯಾಂಪ್‌ಬೆಲ್

ಬಾಗಿಲು ತೆಗೆದವಳು ವಿಮಲಾ ಎಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಲೆಗೆ ಉಣ್ಣೆಯ ಟೋಪಿ, ಕೆನ್ನೆ ಒಳಗೆ ಹೋಗಿ ಹಲ್ಲುಗಳೇ ಮುಖವಾಗಿದ್ದವು. "ಯಾಕಕ್ಕ ಹಂಗ್ ನೋಡ್ತೀಯ? ಡಯೆಟ್ ಮಾಡ್ತಿದೀನಿ" ಎಂದು ನಕ್ಕಳು. ಅವಳ ಒಂಬತ್ತು ವರ್ಷದ ಮಗಳು ಅನು ಹಿಂದೆ ನಿಂತು ನನ್ನ ಪೆಟ್ಟಿಗೆಯನ್ನು ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಮಾತಾಡಿಸಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆದರೆ ದೊಡ್ಡಮ್ಮ ಎಂದು ಮಾತ್ರ ಬಾಯಿತುಂಬ ಕರೆಯುತ್ತಿದ್ದಳು.

ಮಾರನೆಯ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ತಿಳಿಸಾರು ಇಟ್ಟೆ. ತುಪ್ಪ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು, ಒಣಮೆಣಸಿನಕಾಯಿ ಹಾಕಿದ್ದೇ ತಡ, ಮನೆಯ ಚಾವಣಿಯಲ್ಲಿದ್ದ ಯಾವುದೋ ಡಬ್ಬಿ ಕಿವಿ ಕಿತ್ತುಹೋಗುವಂತೆ ಅರಚತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ನಾನು ಸೆರಗಿನಿಂದ ಗಾಳಿ ಹಾಕುತ್ತ, ಅನು ಕುರ್ಚಿ ಹತ್ತಿ ಪೊರಕೆಯಲ್ಲಿ ಅದರ ಗುಂಡಿ ಒತ್ತುತ್ತ ಒದ್ದಾಡುವಾಗ ಬಚ್ಚಲಿನಿಂದ ವಿಮಲಾ ವಾಂತಿ ಮಾಡುವ ಸದ್ದು ಕೇಳಿಸಿತು. ಓಡಿಹೋದರೆ ನೆಲದ ಮೇಲೆ ಕೂತಿದ್ದಳು. "ಅಕ್ಕ, ಪ್ಲೀಸ್... ಆ ಒಗ್ಗರಣೆ ವಾಸ್ನೆ ತಡ್ಯಕ್ ಆಗಲ್ಲ ನಂಗೆ" ಎಂದಳು.

ಒಗ್ಗರಣೆ ಬಿಟ್ಟರೆ ನನಗೆ ಬರುವ ಅಡುಗೆ ಯಾವುದು? ರಾಗಿ ಗಂಜಿ, ಅಕ್ಕಿ ತರಿ ಗಂಜಿ, ಮೊಸರನ್ನ, ಹೆಸರುಬೇಳೆ ಕಟ್ಟು ಎಂದು ಒಂದೊಂದಾಗಿ ಮಾಡಿದೆ. ಎರಡು ಚಮಚ ತಿಂದು, ನನಗೆ ಬೇಸರವಾಗದಿರಲಿ ಎಂದು ಮೂರನೆಯದನ್ನೂ ನುಂಗಿ, ಬಟ್ಟಲು ಸರಿಸುತ್ತಿದ್ದಳು. "ಬಾಯಲ್ಲಿ ಕಬ್ಣ ಇಟ್ಕೊಂಡಂಗಿದೆ" ಎನ್ನುತ್ತಿದ್ದಳು. ಊರಿನಲ್ಲಿ ಬಂದವರೆಲ್ಲ ಹೊಗಳುತ್ತಿದ್ದ ನನ್ನ ಕೈಗುಣ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ನಾನು ಅತ್ತಿದ್ದೇನೆ.

ಬೇಲಿಯಾಚೆ

ಆ ಡಬ್ಬಿಯ ಅರಚಾಟ ಪಕ್ಕದ ಮನೆಗೂ ಕೇಳಿಸಿತ್ತು. ಹಿತ್ತಿಲ ಮರದ ಬೇಲಿಯಲ್ಲಿ ಎರಡು ಹಲಗೆ ಕಳಚಿ ಸಂದಿಯಾಗಿತ್ತು. ಅದರೊಳಗಿಂದ ಕುಳ್ಳಗಿನ, ಬಿಳಿ ಕೂದಲ ಹೆಂಗಸೊಬ್ಬರು ಮುಚ್ಚಿದ ಬಟ್ಟಲು ಹಿಡಿದು ಬಂದರು. ಹೆಸರು ಫುಮಿಕೊ. ಮದುವೆಯಾಗಿ ಜಪಾನಿನಿಂದ ಬಂದು, ಗಂಡನ ಜೊತೆ ಸೇವಂತಿಗೆ ತೋಟ ಮಾಡಿದ್ದವರು. ಈಗ ಗಂಡನಿಲ್ಲ, ತೋಟವಿದ್ದ ಕಡೆ ಕಂಪ್ಯೂಟರ್ ಕಂಪನಿಯ ಕಟ್ಟಡವಿದೆ. ಅವರ ಇಂಗ್ಲಿಷೂ ನನ್ನಂತೆಯೇ ಕುಂಟುತ್ತಿದ್ದುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ಫಾರ್ ವಿಮಲಾ. ನೋ ಸ್ಮೆಲ್. ವೆರಿ ಸಾಫ್ಟ್" ಎಂದರು.

ಬಟ್ಟಲಿನಲ್ಲಿ ಕಲಕಿದ ಮೋಡದಂಥ ಸಾರು, ಅದರಲ್ಲಿ ತೇಲುವ ಬೆಳ್ಳನೆಯ ಚೌಕ ತುಂಡುಗಳು. ತುಂಡು ಸೋಯಾ ಹಾಲನ್ನು ಹೆಪ್ಪುಗಟ್ಟಿಸಿದ ತೋಫು, ಸಾರು ಸೋಯಾಕಾಳನ್ನೇ ಬೇಯಿಸಿ ಅರೆದು ತಿಂಗಳುಗಟ್ಟಲೆ ಉಪ್ಪಿನಲ್ಲಿ ಹುಳಿಯಲು ಬಿಟ್ಟ ಮಿಸೊ ಎಂಬ ಮುದ್ದೆಯಿಂದ ಮಾಡಿದ್ದು ಎಂದು ವಿಮಲಾ ವಿವರಿಸಿದಳು. ನಾನು ಮೂತಿ ತಿರುವಿದೆ. ಸೋಯಾ ನನಗೆ ಗೊತ್ತಿಲ್ಲದ್ದೇನಲ್ಲ. ಒಮ್ಮೆ ಯಾರೋ ಶಕ್ತಿ ಬರುತ್ತದೆಂದು ಹೇಳಿದ್ದನ್ನು ಕೇಳಿ ಚಪಾತಿ ಹಿಟ್ಟಿಗೆ ಬೆರೆಸಿ, ಹಸಿ ವಾಸನೆ ತಾಳಲಾರದೆ ಎಮ್ಮೆಗೆ ಹಾಕಿದ್ದೆವು. ಅವರೆಯ ಮುಂದೆ ಅದೂ ಒಂದು ಕಾಳೇ? ಉಪ್ಪೂ ಕಾಣದ, ಖಾರವೂ ಕಾಣದ ಈ ಬಿಳಿ ತುಂಡನ್ನು ತಿನ್ನಲು ಬಾಯಿ ಯಾಕೆ ಬೇಕು ಎಂದುಕೊಂಡೆ.

ವಿಮಲಾ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಕುಡಿದಳು. ನಿಲ್ಲಿಸದೆ ಕುಡಿದಳು. ತುಂಡುಗಳನ್ನು ನಾಲಿಗೆಯಲ್ಲೇ ಒತ್ತಿ ನುಂಗಿದಳು. "ಇನ್ನೂ ಇದ್ಯಾ?" ಎಂದು ಕೇಳಿದಳು.

ನನಗೆ ಕುಣಿಯುವಷ್ಟು ಸಂತೋಷವಾಯಿತು, ಅದರ ಜೊತೆಗೇ ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಹೇಳಿಕೊಳ್ಳುವುದರಲ್ಲಿ ನನಗೆ ನಾಚಿಕೆಯಿಲ್ಲ. ಅವತ್ತಿನಿಂದ ದಿನಾ ಆ ಬೇಲಿಯ ಸಂದಿಯಲ್ಲಿ ಸೀರೆ ಸಿಕ್ಕಿಸಿಕೊಂಡು ಹೋಗಿ ಬರುವುದು ನನ್ನ ಕೆಲಸವಾಯಿತು.

ಸ್ಯಾನ್ ಹೋಸೆಯ ಜಪಾನಿ ಬೀದಿ

ಫುಮಿಕೊ ಅವರ ಕಾರು ಅವರಷ್ಟೇ ಹಳೆಯದು. ಫ್ರೀವೇಗೆ ಹೋಗಲು ಹೆದರಿ ಒಳರಸ್ತೆಗಳಲ್ಲೇ ಎತ್ತಿನಗಾಡಿಯಂತೆ ಓಡಿಸುತ್ತಿದ್ದರು. ಹಿಂದಿನವರು ಹಾರನ್ ಹೊಡೆದಾಗಲೆಲ್ಲ ಕನ್ನಡಿಯಲ್ಲಿ ನೋಡಿ ತಲೆಬಾಗಿ ಕ್ಷಮೆ ಕೇಳುತ್ತಿದ್ದರು. ಅಲ್ಲಿ ಹಾರನ್ ಹೊಡೆಯುವುದಿಲ್ಲ ಎನ್ನುವವರು ಅವರ ಪಕ್ಕ ಕೂತು ನೋಡಬೇಕು.

ಅವರು ನನ್ನನ್ನು ಕರೆದುಕೊಂಡು ಹೋದ ತೋಫು ಅಂಗಡಿ ಒಂದು ಗ್ಯಾರೇಜಿನಷ್ಟಿತ್ತು. ನೆನೆದ ಕಾಳನ್ನು ರುಬ್ಬಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಅದಕ್ಕೆ ಸಮುದ್ರದ ಉಪ್ಪಿನಿಂದ ಬಸಿದ ಕಹಿನೀರು ಹಾಕಿ ಒಡೆಸುತ್ತಿದ್ದರು. ನಮ್ಮ ಮನೆಯಲ್ಲಿ ಹಾಲು ಒಡೆದರೆ ಗೋಳಾಡುತ್ತೇವೆ, ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ಹಿಂಡಿ ಉಳಿದ ಚರಟವನ್ನೂ ಎಸೆಯುವುದಿಲ್ಲ. ನಾನು ಒಂದು ಚೀಲ ತಂದು ಕಾಯಿತುರಿ ಹಾಕಿ ಪಲ್ಯ ಮಾಡಿದೆ, ಶ್ರೀಧರ ಕೇಳಿ ಹಾಕಿಸಿಕೊಂಡರು. ಅಂಗಡಿಯವರು ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾಕಾಯಿಯನ್ನು ತಿನ್ನಲು ಕೊಟ್ಟರು. ನಮ್ಮಲ್ಲಿ ಅವರೆಕಾಯಿ ಬೇಯಿಸಿ ತಿನ್ನುವ ಹಾಗೆಯೇ. ಸೋಯಾದ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಪಕ್ಕದ ದಿನಸಿ ಅಂಗಡಿಯಲ್ಲಿ ಫುಮಿಕೊ ಒಂದು ಕೊರಡು ಕೊಂಡರು. ಗೇಣುದ್ದ, ಕಂದು ಬಣ್ಣ, ಕಲ್ಲಿನಷ್ಟು ಗಟ್ಟಿ. ಎರಡು ಕೊರಡುಗಳನ್ನು ಒಂದಕ್ಕೊಂದು ಬಡಿದು, ಟಣ್ ಎನ್ನುವ ಸದ್ದನ್ನು ಕೇಳಿ ಆರಿಸಿದರು. ಮನೆಗೆ ಬಂದು, ಬಡಗಿಯ ಉಜ್ಜುಗೊರಡನ್ನು ತಲೆಕೆಳಗಾಗಿಸಿದಂಥ ಪೆಟ್ಟಿಗೆಯ ಮೇಲೆ ಅದನ್ನು ಉಜ್ಜಿದರು. ಗುಲಾಬಿ ಎಸಳಿನಂಥ ಹೊಪ್ಪಳಿಕೆಗಳು ಉದುರಿದವು. ಬಿಸಿನೀರಿಗೆ ಹಾಕಿ, ಸೋಸಿ, ಆ ನೀರಿನಲ್ಲೇ ಮಿಸೊ ಕದಡಿದರು.

ನನಗೆ ಥಟ್ಟನೆ ಬಜೆ ನೆನಪಾಯಿತು. ಮಗುವಿಗೆ ಹೊಟ್ಟೆ ನೋವಾದರೆ ಬಜೆ ಬೇರನ್ನು ಕಲ್ಲಿನ ಮೇಲೆ ತೇದು ನೆಕ್ಕಿಸುವುದಿಲ್ಲವೇ, ಇದೂ ಅಂಥದೇ ಯಾವುದೋ ಮರದ ಬೇರು ಎಂದುಕೊಂಡೆ. ಮೂಸಿದರೆ ಹೊಗೆಯ ವಾಸನೆ ಬಂತು. ಔಷಧಿಯೇ ಸರಿ ಎಂದು ಒಂದು ಎಸಳನ್ನು ಕಣ್ಣಿಗೆ ಒತ್ತಿಕೊಂಡೆ. ವಿಜ್ಞಾನ ಪಾಠ ಹೇಳುವ ಮೇಡಮ್ ನಾನು, ಬೇರೋ ಕಾಂಡವೋ ಎಂದು ಮಾತ್ರ ಯೋಚಿಸಿದೆ.

ಅನು ಹೇಳಿದ್ದು

ಮೂರು ವಾರದಲ್ಲಿ ವಿಮಲಾಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ತೂಕ ಏರುತ್ತಿದೆ, ಹೀಗೇ ಇದ್ದರೆ ಮುಂದಿನ ಸುತ್ತು ಶುರುಮಾಡಬಹುದು ಎಂದರು ಡಾಕ್ಟರು. ಆ ಖುಷಿಯಲ್ಲಿ ನಾನು ಸೆರಗಿನಲ್ಲಿ ತಂದಿದ್ದ ಒಂದು ಎಸಳನ್ನು ಅನುವಿಗೆ ತೋರಿಸಿದೆ.

"ನೋಡು ಪುಟ್ಟಿ, ನಿಮ್ಮಮ್ಮನ್ನ ಉಳಿಸ್ತಿರೋ ಬೇರು ಇದು."

ಅನು ಮೂಸಿ ನೋಡಿದಳು. "ದೊಡ್ಡಮ್ಮ, ದಟ್ಸ್ ಫಿಶ್" ಎಂದಳು. "ಡ್ರೈ ಫಿಶ್. ಫುಮಿಕೊ ಆಂಟಿ ಟೋಲ್ಡ್ ಮಿ."

ನಮ್ಮ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ವಿಮಲಾ ಅಲ್ಲಿಗೆ ಹೋಗಿ ಅಷ್ಟು ವರ್ಷವಾದರೂ ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದನ್ನು ಓದದೆ ಬಾಯಿಗಿಡುತ್ತಿರಲಿಲ್ಲ. ಅನುವಿಗೆ, ಅಮ್ಮನಿಗೆ ಹೇಳಬೇಡ ಎಂದು ಹೇಳಿ, ಕೈ ತೊಳೆದುಕೊಂಡು ಬೇಲಿಯ ಸಂದಿಯಲ್ಲಿ ನುಗ್ಗಿದೆ. ಫುಮಿಕೊ ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. ಸಾರು ಸೋಯಾದ್ದು, ಮೀನಿನ ತುಂಡು ಎಲ್ಲಿದೆ, ಬರೀ ನೀರಲ್ಲವೇ ಎಂದರು. ನಾವು ಆ ನೀರನ್ನೂ ಮುಟ್ಟುವುದಿಲ್ಲ, ಮೀನಿಲ್ಲದೆ ಮಾಡಿಕೊಡಿ ಎಂದು ಕೈ ಮುಗಿದೆ.

ಅವರು ಒಲೆ ಆರಿಸಿ, ಕುರ್ಚಿ ಎಳೆದು ಕೂತರು. ಆಮೇಲೆ ಮೆಲ್ಲಗೆ ಹೇಳಿದರು. ಸೋಯಾಕಾಳನ್ನು ಹುರಿದು, ಕಡಲಿನ ಸೊಪ್ಪು, ಒಣ ಅಣಬೆಯ ಜೊತೆ ನೆನೆಸಿ ತೆಗೆಯುವ ನೀರೊಂದಿದೆ. ಅದರಲ್ಲಿ ಮೀನಿಲ್ಲ. ಜಪಾನಿನ ಬೌದ್ಧ ದೇವಸ್ಥಾನದವರು ದಿನವೂ ಅದನ್ನೇ ಮಾಡುತ್ತಾರೆ. ಆದರೆ ಫುಮಿಕೊ ಅವರ ಮನೆಯಲ್ಲಿ ಅದನ್ನು ಮಾಡುವುದು ಸಾವಾದಾಗ, ದುಃಖದ ದಿನಗಳಲ್ಲಿ ಮೀನು ಬಿಟ್ಟಿರುವಾಗ. ಕೊನೆಯ ಸಲ ಮಾಡಿದ್ದು ಗಂಡ ತೀರಿಕೊಂಡಾಗ.

"ಆ ಪಾತ್ರೆ ವಿಮಲಾ ಮನೆಗೆ ನಾನು ತರಲ್ಲ" ಎನ್ನುವುದನ್ನು ಅವರು ತಲೆ ಅಲ್ಲಾಡಿಸಿಯೇ ಹೇಳಿದರು. ಕಣ್ಣಲ್ಲಿ ನೀರಿತ್ತು. "ವಿಮಲಾ ಲಿವಿಂಗ್" ಎಂದರು.

ನನ್ನ ಸಿಟ್ಟು ಅಲ್ಲೇ ಕುಸಿಯಿತು. ಕಾಯಿಲೆ ಬಿದ್ದವರ ಮನೆಗೆ ಯಾರಾದರೂ ತಿಥಿಯ ವಡೆ, ಎಳ್ಳುಂಡೆ ಮಾಡಿಕೊಂಡು ಬಂದರೆ ನಾನು ಬಾಗಿಲಲ್ಲೇ ನಿಲ್ಲಿಸಿ ಉಗಿಯುವುದಿಲ್ಲವೇ? ನಾನು ಮೈಲಿಗೆ ಎಂದದ್ದು ಅವರಿಗೆ ಜೀವದ ಊಟ, ನಾನು ಮಡಿ ಎಂದದ್ದು ಸಾವಿನ ಊಟ. ಅವರನ್ನು ಒತ್ತಾಯಿಸಲು ನನಗೆ ಬಾಯಿ ಬರಲಿಲ್ಲ. ಮೀನಿಲ್ಲದ ಆ ಸಾರನ್ನು ನಾನೇ ಕಲಿತು ಮಾಡಬಹುದಿತ್ತು. ಆದರೆ ಅದು ಯಾತರ ಊಟ ಎಂದು ಗೊತ್ತಾದ ಮೇಲೆ ನನ್ನ ಕೈಯಿಂದಲೂ ಅದನ್ನು ಅವಳಿಗೆ ಕೊಡಲಾಗುತ್ತಿರಲಿಲ್ಲ.

ಅವತ್ತಿನ ಬಟ್ಟಲು ಒಲೆಯ ಪಕ್ಕ ಆರುತ್ತಿತ್ತು. ಅದನ್ನು ಎತ್ತಿಕೊಂಡು, ಹಬೆ ಮೂಗಿಗೆ ತಾಗದಂತೆ ಕೈ ಉದ್ದ ಮಾಡಿ ಹಿಡಿದು, ತಂದು ವಿಮಲಾಳ ಕೈಗೆ ಕೊಟ್ಟೆ. ಅವಳು ಕುಡಿದಳು. ದೇವರ ಮುಂದೆ ದೀಪ ಹಚ್ಚುವಾಗ, ಪಾಪವೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕಿಕೋ ಎಂದೆ. ಇವತ್ತಿಗೂ ಅದು ಪಾಪ ಎಂದು ನನಗೆ ಅನ್ನಿಸುವುದಿಲ್ಲ.

ಲಾಸ್ ಆಲ್ಟೋಸ್, ಯುಗಾದಿ

ಮುಂದಿನ ಸುತ್ತಿನ ಔಷಧಿ ಶುರುವಾಯಿತು. ಯುಗಾದಿಗೆ ಲಾಸ್ ಆಲ್ಟೋಸ್ ಎಂಬ ಊರಿನಲ್ಲಿದ್ದ ಶ್ರೀಧರನ ಸ್ನೇಹಿತರೊಬ್ಬರ ಮನೆಗೆ ಕರೆದಿದ್ದರು. ವಿಮಲಾ ಹಟ ಮಾಡಿ ರೇಷ್ಮೆ ಸೀರೆ ಉಟ್ಟು ಹೊರಟಳು. ಜಾರದಿರಲಿ ಎಂದು ಹತ್ತು ಪಿನ್ನು ಹಾಕಿದ್ದೆ. ಅಷ್ಟು ದೊಡ್ಡ ಮನೆಯಲ್ಲಿ ಗಂಡಸರೆಲ್ಲ ಒಂದು ಕಡೆ ನಿಂತು ಯಾರ ಕಂಪನಿ ಯಾವಾಗ ಪಬ್ಲಿಕ್ ಆಗುತ್ತದೆ, ಸ್ಟಾಕು ಎಷ್ಟಕ್ಕೆ ಹೋಗುತ್ತದೆ ಎಂದು ಮಾತಾಡುತ್ತಿದ್ದರು. ಹೋದ ವರ್ಷ ವಿಮಲಾ ಕೂಡ ಆ ಗುಂಪಿನಲ್ಲೇ ನಿಂತು ವಾದ ಮಾಡುತ್ತಿದ್ದಳಂತೆ. ಈ ಸಲ ಅವಳನ್ನು ಸೋಫಾದಲ್ಲಿ ಕೂರಿಸಿ, ಬಂದವರೆಲ್ಲ ಮಗುವನ್ನು ಮಾತಾಡಿಸುವ ದನಿಯಲ್ಲಿ ಮಾತಾಡಿಸಿ ಹೋದರು. ನನಗೆ ಮೈ ಉರಿಯಿತು.

ಆ ಮನೆಯಾಕೆ ಊರಿನಿಂದ ತರಿಸಿದ ಒಣ ಬೇವಿನ ಹೂವಿಗೆ ಬೆಲ್ಲ ಬೆರೆಸಿ ಕೊಟ್ಟರು. ವಿಮಲಾ ಬಾಯಿಗೆ ಹಾಕಿಕೊಂಡು ಅಗಿದಳು, ನನ್ನ ಕಡೆ ಬಾಗಿದಳು.

"ಅಕ್ಕ, ನಂಗೆ ಬೇವೂ ಗೊತ್ತಾಗ್ತಿಲ್ಲ, ಬೆಲ್ಲಾನೂ ಗೊತ್ತಾಗ್ತಿಲ್ಲ. ಫುಮಿಕೊ ಸೂಪ್ ಒಂದೇ ಗೊತ್ತಾಗೋದು."

ಮನೆಗೆ ಬರುವಾಗ ಕಾರಿನಲ್ಲೇ ಅವಳಿಗೆ ತಲೆ ಸುತ್ತಿತು. ಅಲ್ಲಿಂದ ಅವಳು ಹೊರಗೆ ಹೋದದ್ದು ಆಸ್ಪತ್ರೆಗೆ ಮಾತ್ರ.

ಒಂದೇ ಬಟ್ಟಲು

ಔಷಧಿ ಕೆಲಸ ಮಾಡುತ್ತಿಲ್ಲ, ಇನ್ನು ಕೊಡುವುದರಲ್ಲಿ ಅರ್ಥವಿಲ್ಲ ಎಂದು ಡಾಕ್ಟರು ಹೇಳಿದರು. ಅವಳೆದುರೇ ಹೇಳಿದರು, ಅಲ್ಲಿ ಹಾಗೆಯೇ. ನಮ್ಮಲ್ಲಿ ರೋಗಿಯನ್ನು ಹೊರಗೆ ಕಳಿಸಿ ಮನೆಯವರಿಗೆ ಹೇಳುತ್ತಾರೆ. ವಿಮಲಾ "ಓಕೆ" ಎಂದಳು, ಶ್ರೀಧರನ ಕೈ ಹಿಡಿದುಕೊಂಡಳು, ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದಳು. ನಾನೊಬ್ಬಳೇ ಗೋಡೆಯ ಕಡೆ ತಿರುಗಿ ನಿಂತಿದ್ದೆ.

ಸಾರು ನಿಲ್ಲಿಸುವ ಮಾತೇ ಇರಲಿಲ್ಲ. ಬಟ್ಟಲು ಅರ್ಧವಾಯಿತು, ಕಾಲಾಯಿತು, ಆಮೇಲೆ ಚಮಚದ ಲೆಕ್ಕಕ್ಕೆ ಬಂತು. ಫುಮಿಕೊ ತೋಫುವನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಹೆಚ್ಚತೊಡಗಿದರು.

ಒಂದು ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ವಿಮಲಾ ಎರಡು ಚಮಚ ಕುಡಿದು ನನ್ನನ್ನೇ ನೋಡಿದಳು.

"ನೀನೂ ಕುಡಿ ಅಕ್ಕ. ಒಬ್ಳೇ ಕುಡ್ದೂ ಕುಡ್ದೂ ಬೇಜಾರಾಗೋಯ್ತು. ಚಿಕ್ಕೋಳಿದ್ದಾಗ ನನ್ ತಟ್ಟೇಲೇ ತಿಂತಿದ್ಯಲ್ಲ, ಹಂಗೆ."

ಅವಳು ಊಟಕ್ಕೆ ರಚ್ಚೆ ಹಿಡಿದಾಗ, ನಂಗೊಂದು ತುತ್ತು, ನಿಂಗೊಂದು ತುತ್ತು ಎಂದು ತಿನ್ನಿಸುತ್ತಿದ್ದೆ. ಈಗ ಬಟ್ಟಲು ನನ್ನ ಕೈಯಲ್ಲಿತ್ತು, ಆ ಹೊಗೆಯ ವಾಸನೆ ಮೂಗಿಗೆ ಬರುತ್ತಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಕಾರಣ ಹೇಳಿದರೆ ಅವಳ ನಾಲಿಗೆಗೆ ತಿಳಿಯುತ್ತಿದ್ದ ಒಂದೇ ರುಚಿಯೂ ಹೋಗುತ್ತದೆ.

ಕುಡಿದೆ. ಚಮಚದಲ್ಲಲ್ಲ, ಅವಳ ಹಾಗೆ ಬಟ್ಟಲೆತ್ತಿ ಒಂದು ಗುಟುಕು ಕುಡಿದೆ. ಬಿಸಿಯಾಗಿ, ಉಪ್ಪುಪ್ಪಾಗಿ ಗಂಟಲಲ್ಲಿ ಇಳಿಯಿತು. "ಚೆನ್ನಾಗಿದೆ ಕಣೆ" ಎಂದೆ, ಸುಳ್ಳಲ್ಲ. ನಿಂಗೊಂದು ಎಂದು ಅವಳಿಗೆ ಒಂದು ಚಮಚ ಕೊಟ್ಟೆ, ನಂಗೊಂದು ಎಂದು ನಾನು ಕುಡಿದೆ. ಹಾಗೇ ಬಟ್ಟಲು ಖಾಲಿಯಾಯಿತು. ಅವಳಿಗೆ ಮೀನಿನ ವಿಷಯ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಆಮೇಲೆ ಅವಳು ಮತ್ತೆ ಬಟ್ಟಲಿನ ಮುಂದೆ ಕೂರಲಿಲ್ಲ.

ಮುಂಬಾಗಿಲು

ವಿಮಲಾ ಹೋದದ್ದು ಬೆಳಿಗ್ಗೆ, ಅನು ಸ್ಕೂಲಿಗೆ ಹೊರಟ ಮೇಲೆ. ತುಟಿ ಒಣಗಿದೆ ಎಂದು ನೀರು ಹಚ್ಚುತ್ತಿದ್ದೆ, ಉಸಿರು ನಿಂತಿತು. ನಾನು ಸಾಕಿದ ಮಗು ನನ್ನ ಕೈಯಲ್ಲೇ ಹೋಯಿತು. ಇದನ್ನು ಬೇರೆ ಹೇಗೆ ಬರೆಯಲಿ?

ನಮ್ಮೂರಿನಲ್ಲಾಗಿದ್ದರೆ ಸಂಜೆಯೊಳಗೆ ಎಲ್ಲ ಮುಗಿಯುತ್ತಿತ್ತು. ಅಲ್ಲಿ ಸುಡುವುದಕ್ಕೂ ಅಪಾಯಿಂಟ್‌ಮೆಂಟು. "ಶನಿವಾರಕ್ಕೆ ಸ್ಲಾಟ್ ಸಿಕ್ಕಿದೆ ಅಕ್ಕ" ಎಂದು ಹೇಳಿ ಶ್ರೀಧರ ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಒಲೆ ಹಚ್ಚುವಂತಿಲ್ಲ. ಲಾಸ್ ಆಲ್ಟೋಸಿನವರು ದೊಡ್ಡ ದೊಡ್ಡ ಟ್ರೇಗಳಲ್ಲಿ ಅನ್ನ, ಸಾರು ತಂದಿಟ್ಟು ಹೋದರು. ಅನು ಯಾವುದನ್ನೂ ಮುಟ್ಟಲಿಲ್ಲ. ಅಮ್ಮನ ಉಣ್ಣೆಯ ಟೋಪಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

ಮಾರನೆಯ ದಿನ ಮುಂಬಾಗಿಲ ಗಂಟೆಯ ಸದ್ದಾಯಿತು. ತೆಗೆದರೆ ಫುಮಿಕೊ. ಯಾವಾಗಲೂ ಬೇಲಿಯ ಸಂದಿಯಿಂದ ಬರುತ್ತಿದ್ದವರು ಅವತ್ತು ಕಪ್ಪು ಉಡುಪು ಹಾಕಿಕೊಂಡು, ಬೀದಿಯ ಕಡೆಯಿಂದ ಸುತ್ತಿ ಬಂದಿದ್ದರು. ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಸೊಂಟದವರೆಗೂ ಬಾಗಿ ನಮಸ್ಕಾರ ಮಾಡಿ, ಪಾತ್ರೆಯನ್ನು ನನ್ನ ಕಡೆ ಚಾಚಿದರು.

ಬಟ್ಟೆ ಬಿಚ್ಚಿದೆ. ಹೊಗೆಯ ಆ ವಾಸನೆ ಬರಲಿ ಎಂದು ಮುಚ್ಚಳದ ಮೇಲೆ ಬಾಗಿದೆ. ದೇವರೇ, ಇದರಲ್ಲಿ ಮೀನಿರಲಿ, ಇದರಲ್ಲಿ ಮೀನಿರಲಿ ಎಂದು ಬೇಡಿಕೊಂಡೆ. ಮುಚ್ಚಳ ತೆಗೆದರೆ ಹುರಿದ ಕಾಳಿನ ಘಮ ಬಂತು.

"ನೋ ಫಿಶ್" ಎಂದರು ಫುಮಿಕೊ, ನನ್ನ ಮುಖ ನೋಡಲಾಗದೆ.

ಅನು ಎದ್ದು ಬಂದಳು. ಪಾತ್ರೆಯೊಳಗೆ ಇಣುಕಿ, "ಈಸ್ ಇಟ್ ಅಮ್ಮಾಸ್ ಸೂಪ್?" ಎಂದು ಕೇಳಿದಳು.

"ಅಲ್ಲ ಪುಟ್ಟಿ" ಎಂದೆ. "ಅಮ್ಮಂದಲ್ಲ. ಇದು ನಮ್ದು."